ಗಂಟೆಗೂ ಡೋಲಿಗೂ ನಡುವೆ

ಇತ್ತ ಕೇಟಾದ ಕಡಲು, ಅತ್ತ ಹಿನ್ನೀರು,
ನಡುವೆ ಎರಡು ದಾರಿಯಷ್ಟೇ ಅಗಲದ ಉಸುಕು.
ಅಲ್ಲಿ ನಿಂತ ಮನೆಗಳಿಗೆಲ್ಲ
ಹೋದ ವಾರ ಸೀಮೆಸುಣ್ಣದಲ್ಲಿ ನಂಬರು ಬರೆದಿದ್ದೆ.
ಎಣಿಸಲು ಬಂದರೆ
ನಲವತ್ತೊಂದು ಇದೆ, ನಲವತ್ತಮೂರು ಇದೆ,
ನಲವತ್ತೆರಡರ ಗೋಡೆಯನ್ನು ಅಲೆ ಒಯ್ದಿದೆ.
ಮನೆಯವರು ತಂಗಿಯ ಮನೆ ಸೇರಿದ್ದಾರಂತೆ,
ಬಲೆ, ಪಾತ್ರೆ, ರೇಡಿಯೋ ಸಮೇತ.
ಬರೆದುಕೊಂಡೆ.

ನಾನು ಸೆಲೋರ್ಮ್, ಊರ ಮೇಷ್ಟ್ರು,
ಮೈಮೇಲೆ ಈಗ ಸರ್ಕಾರದ ಜಾಕೀಟು.
ಮನೆಮನೆಗೆ ಕೇಳುವುದು ಒಂದೇ ಮಾತು:
ಭಾನುವಾರ ನಡುರಾತ್ರಿ
ಈ ಸೂರಿನಡಿ ಯಾರು ಮಲಗಿದ್ದಿರಿ?
ದೋಣಿಯಲ್ಲಿ ಎದ್ದಿದ್ದವರೂ ಲೆಕ್ಕವೇ,
ಬೆಳಿಗ್ಗೆ ಮರಳಿದ್ದರೆ.
ಮರಳದಿದ್ದರೆ?
ತರಬೇತಿಯಲ್ಲಿ ಯಾರೂ ಅದನ್ನು ಕೇಳಲಿಲ್ಲ,
ತರಬೇತಿ ಕೊಟ್ಟವನು ಗುಡ್ಡದ ಸೀಮೆಯವನು.

ನಲವತ್ತಮೂರರಲ್ಲಿ ಮಾಮಾ ಜಾತುಗ್ಬೆ
ಮೀನಿಗೆ ಹೊಗೆ ಕೊಡುತ್ತಿದ್ದಳು.
ಎಷ್ಟು ಜನ, ಎಂದೆ.
"ಮಕ್ಕಳ ತಲೆ ಎಣಿಸುತ್ತಾರೇನೋ, ಕೋಳಿಮರಿಗಳೇ ಅವು?
ಮೆಲ್ಲಗೆ ಮಾತಾಡು, ಗಿಡುಗನಿಗೆ ಕೇಳಿಸುತ್ತದೆ."
ಬಾಯಿಗೆ ಅಂಕಿ ತರಲಿಲ್ಲ ಅವಳು.
ತಾಳೆಬೀಜ ಒಂದೊಂದೇ ಉಸುಕಿನ ಮೇಲಿಟ್ಟು
ಇದು ದೊಡ್ಡವನು, ಇದು ಅವನ ಹೆಂಡತಿ,
ಇದು ಸಿಡುಕ, ಇದು ಶಾಲೆ ತಪ್ಪಿಸುತ್ತಾನಲ್ಲ, ನಿನಗೇ ಗೊತ್ತು.
ಬೀಜಗಳ ಕಡೆ ನೋಡದ ಹಾಗೆ ನೋಡಿದೆ.
ಒಂಬತ್ತು.

ಹತ್ತನೆಯದನ್ನಿಟ್ಟು ಕೈ ತೆಗೆಯಲಿಲ್ಲ.
"ಇದು ನನ್ನ ಅಣ್ಣ. ಕೋಳಿ ಕೂಗುವ ಹೊತ್ತಿಗೆ ಹೋದ."
ನಡುರಾತ್ರಿ ಉಸಿರಾಡುತ್ತಿದ್ದನೇ?
"ಗೊರಕೆಯೇ ಹೊಡೆಯುತ್ತಿದ್ದ. ಬೈದಿದ್ದೆ."
ಹಾಗಾದರೆ ಇದ್ದಾನೆ, ಮಾಮಾ. ನಿಯಮದ ಪ್ರಕಾರ ಇದ್ದಾನೆ.
ಗಂಡಸು. ಎಂಬತ್ತೊಂದು. ದೋಣಿ ಬಡಗಿ.
ಓದಲು ಬಾರದಿದ್ದರೂ ಅವಳು
ನನ್ನ ಟ್ಯಾಬ್ಲೆಟ್ಟನ್ನೇ ಬಹಳ ಹೊತ್ತು ನೋಡಿದಳು.

ಹನ್ನೊಂದನೆಯ ಬೀಜ ಮುಷ್ಟಿಯಲ್ಲಿತ್ತು.
ಒಳಗೆ ಪರದೆಯ ಹಿಂದೆ ಏನೋ ಕುಂಯ್ ಅಂದಿತು.
ಎಂಟನೇ ದಿನದವರೆಗೆ ಹೊರಗೆ ತರುವಂತಿಲ್ಲ,
ಅಲ್ಲಿಯವರೆಗೆ ಅದು ನೆಂಟ; ಉಳಿದರೆ ಮಗು.
ಯಾವಾಗ ಹುಟ್ಟಿತು?
"ಅದೇ ರಾತ್ರಿ. ಇಗರ್ಜಿಯ ಗಂಟೆ ಬಡಿದ ಮೇಲೆ,
ಹಿರಿಯರ ಡೋಲು ಬಡಿಯುವ ಮೊದಲು."

ಎರಡೂ ನಡುರಾತ್ರಿಗೇ ಬಡಿಯಬೇಕಿತ್ತು.
ಡೋಲಿನವನಿಗೆ ಜೋಂಪು ಹತ್ತಿತ್ತೋ,
ಪಾದ್ರಿಯ ಗಡಿಯಾರ ಮುಂದಿತ್ತೋ.
ಗಂಟೆ ಸರಿಯಾದರೆ ಈ ಹುಡುಗಿ
ಇನ್ನು ಹತ್ತು ವರ್ಷ ಇಲ್ಲ.
ಡೋಲು ಸರಿಯಾದರೆ ಇದ್ದಾಳೆ.

"ಮುದುಕನದನ್ನು ಅಳಿಸಿ ಇವಳಿಗೆ ಕೊಡು,
ಒಟ್ಟು ಅಷ್ಟೇ ಆಗುತ್ತದೆ, ಸರ್ಕಾರಕ್ಕೆ ನಷ್ಟವೇನು?"

ಒಟ್ಟು ಅಷ್ಟೇ.
ಆದರೆ ಎಂಬತ್ತೊಂದಕ್ಕೆ ಯಾರೂ ಬೆಂಚು ಕಳಿಸುವುದಿಲ್ಲ,
ದಡಾರದ ಸೂಜಿ ಕಳಿಸುವುದಿಲ್ಲ,
ಸೊನ್ನೆಗೆ ಕಳಿಸುತ್ತಾರೆ.
ಮುದುಕನನ್ನು ಅಳಿಸಿದರೋ, ಆ ರಾತ್ರಿಯ ಗೊರಕೆ ಸುಳ್ಳಾಗುತ್ತದೆ.
ಹೋದ ಸಲ ಬಂದವನು ಬಿಸಿಲಿಗೆ ಬೇಸತ್ತು
ಆಚೆ ತುದಿಯ ಹನ್ನೊಂದು ಮನೆಗಳಿಗೆ ಹೋಗಲೇ ಇಲ್ಲ.
ಅಲ್ಲಿನ ಮಕ್ಕಳು ಈಗ ನನ್ನ ತರಗತಿಯಲ್ಲಿ
ಕಿಟಕಿಯ ಕಟ್ಟೆ ಮೇಲೆ ಪುಸ್ತಕವಿಟ್ಟು ನಿಂತು ಬರೆಯುತ್ತವೆ.
ಅವುಗಳ ಅಕ್ಷರವೆಲ್ಲ ಬಲಕ್ಕೆ ವಾಲುತ್ತದೆ.
ತಿದ್ದಲು ನನಗೆ ಮನಸ್ಸಾಗುವುದಿಲ್ಲ.

ಇದ್ಯಾವುದನ್ನೂ ಹೇಳಲಿಲ್ಲ. ಕೇಳಿದ್ದು ಇಷ್ಟು:
ಹೆಸರೇನು?
ನಮ್ಮಲ್ಲಿ ಹುಟ್ಟಿದ ವಾರವೇ ಮೊದಲ ಹೆಸರು,
ಭಾನುವಾರದವಳು ಕೋಸಿವಾ, ಸೋಮವಾರದವಳು ಅಜೋ.
ಮುದುಕಿ ಒಲೆಯ ಕಡೆ ತಿರುಗಿ ಮೀನು ಮಗುಚಿದಳು.
"ಕೋಸಿವಾ."
ಅದೇ ಹೊತ್ತಿಗೆ ಒಳಗೆ ತಾಯಿ, ಹಾಲೂಡಿಸುತ್ತ,
"ಅಜೋ, ಸುಮ್ಮನಿರು, ಸುಮ್ಮನಿರು ಅಜೋ."

ಅಲೆಯ ಸದ್ದಿನಲ್ಲೇ ಪಾಠ ಹೇಳಿ ಹೇಳಿ
ನನಗೆ ಒಂದು ಕಿವಿ ಮಂದ.
ಹೆಣ್ಣು. ಸೊನ್ನೆ ವರ್ಷ.
ಬೀಜ ಉಸುಕಿಗೆ ಬಿತ್ತು.

ಹೊರಡುವಾಗ ನೋಡಿದರೆ
ಉಪ್ಪುಗಾಳಿಗೆ ಗೋಡೆಯ ನಲವತ್ತಮೂರು ಮಾಸಿತ್ತು.
ಇನ್ನೊಮ್ಮೆ ಬರೆದೆ, ಸುಣ್ಣದ ಕಡ್ಡಿ ಮುರಿಯುವಷ್ಟು ಒತ್ತಿ.